ಟ್ಯಾರೋ ಕಟ್ಟಿಗೆ ಎಷ್ಟು ಸಲ ಶುದ್ಧಿ?

ಜನವರಿ 19, ಭಾನುವಾರ

ತಲೆ ಕೆಟ್ಟುಹೋಗಿದೆ. ಬರೆದರಾದರೂ ಒಂದು ದಾರಿಗೆ ಬರುತ್ತದೇನೋ ನೋಡೋಣ ಎಂದು ಕೂತಿದ್ದೇನೆ.

ಬೆಳಿಗ್ಗೆ ನಮ್ಮ ಗಣಿ ಕಾಲೋನಿಯ ಹಿಂದಿನ ಸಾಲಿನ ಅಮ್ಮಾಜಮ್ಮ ಕಾರ್ಡು ಕೇಳಲು ಬಂದಿದ್ದರು. ಸೊಸೆ ಮುನಿಸಿಕೊಂಡು ತವರಿಗೆ ಹೋಗಿ ಕೂತಿದ್ದಾಳಂತೆ, ಬರುತ್ತಾಳೋ ಇಲ್ಲವೋ ಹೇಳು ಎಂದರು. ನನ್ನದು ಸುಲಭದ ಪದ್ಧತಿ. ಭವಿಷ್ಯ ಹೇಳುವ ಟ್ಯಾರೋ ಕಾರ್ಡುಗಳ ಕಟ್ಟನ್ನು ಚೆನ್ನಾಗಿ ಕಲೆಸಿ ಚಾಪೆಯ ಮೇಲಿಡುತ್ತೇನೆ. ಕೇಳುವವರು ಪ್ರಶ್ನೆಯನ್ನು ಮನಸ್ಸಿನಲ್ಲಿ ನೆನೆದು, ಎಡಗೈಯಲ್ಲಿ ಮೇಲಿನ ಒಂದಷ್ಟು ಕಾರ್ಡುಗಳನ್ನು ಒಟ್ಟಿಗೆ ಎತ್ತಿ ತಿರುಗಿಸಬೇಕು. ಎತ್ತಿದ್ದರ ಅಡಿಯಲ್ಲಿ ಯಾವುದಿದೆಯೋ ಅದೇ ಉತ್ತರ. ಹತ್ತು ಕಾರ್ಡು ಹರಡಿ ಕಥೆ ಕಟ್ಟುವುದು ನನಗೆ ಬರುವುದಿಲ್ಲ. ಸೀರೆಗೆ ಫಾಲ್ಸ್ ಹೊಲಿದು ಕುಚ್ಚು ಕಟ್ಟುವವಳಿಗೆ ಅಷ್ಟೆಲ್ಲ ಪುರುಸೊತ್ತೂ ಇಲ್ಲ.

ಅವರಿಗೆ ಟವರ್ ಬಂತು. ಎತ್ತರದ ಗೋಪುರಕ್ಕೆ ಸಿಡಿಲು ಹೊಡೆದು, ನೆತ್ತಿ ಹಾರಿಹೋಗಿ, ಇಬ್ಬರು ತಲೆಕೆಳಗಾಗಿ ಬೀಳುತ್ತಿರುವ ಚಿತ್ರ. ಅಮ್ಮಾಜಮ್ಮ ಕಣ್ಣು ಕಿರಿದು ಮಾಡಿ ನೋಡಿ, "ಇದೇನಮ್ಮ, ನಮ್ ಗಣಿ ಶಾಫ್ಟ್ ಇದ್ದಂಗೈತೆ" ಎಂದರು. ಟವರ್ ಎಂದರೆ ಕುಸಿತ. ಕಟ್ಟಿದ್ದು ಬೀಳುತ್ತದೆ, ಕೈ ಹಾಕಬೇಡ ಎಂದರ್ಥ. ನಾನು ಸ್ವಲ್ಪ ಮೆತ್ತಗೆ ಮಾಡಿ, "ಸದ್ಯಕ್ಕೆ ಸುಮ್ನಿರಿ, ನೀವಾಗಿ ಕರೆಯೋಕೆ ಹೋಗ್ಬೇಡಿ" ಎಂದೆ.

ಉಳಿದ ಕಟ್ಟನ್ನು ಎತ್ತಿಟ್ಟು, ಅವರನ್ನು ಬೀದಿಯವರೆಗೂ ಬಿಟ್ಟು ಬರುವಷ್ಟರಲ್ಲಿ ಅಮ್ಮ ತನ್ನ ಕೆಲಸ ಶುರು ಮಾಡಿದ್ದಳು. ಅಮ್ಮಾಜಮ್ಮ ಯಾರೋ ನೆಂಟರ ಸಾವಿನ ಮನೆಯಿಂದ ನೆಟ್ಟಗೆ ನಮ್ಮಲ್ಲಿಗೇ ಬಂದಿದ್ದರಂತೆ, ತಲೆಗೆ ನೀರೂ ಹಾಕಿಕೊಂಡಿರಲಿಲ್ಲವಂತೆ. ಅಂಥವರು ಹೊಸ್ತಿಲು ದಾಟಿದರೆ ಅಮ್ಮ ಬಿಡುತ್ತಾಳೆಯೇ? ಒಂದು ಕೈಯಲ್ಲಿ ಅರಿಶಿನದ ನೀರಿನ ಚೊಂಬು, ಇನ್ನೊಂದರಲ್ಲಿ ಬೇವಿನ ಸೊಪ್ಪು. ಹೊಸ್ತಿಲಿಗೆ, ಚಾಪೆಗೆ, ಚಾಪೆಯ ಮೇಲೆ ಬಿದ್ದಿದ್ದ ಆ ಟವರ್ ಕಾರ್ಡಿಗೆ, ಎಲ್ಲದಕ್ಕೂ ಪಟಪಟ ಚಿಮುಕಿಸುತ್ತಿದ್ದಳು.

"ಅಯ್ಯೋ, ಕಾರ್ಡಮ್ಮ ಅದು!"

"ಇರ್ಲಿ ಬಿಡೇ ಕಲ್ಪನ. ಮೈಲಿಗೆ ಓಗ್ಬೇಕಾ ಬ್ಯಾಡ್ವಾ?"

ಸೆರಗಿನಲ್ಲಿ ಒರೆಸಿ ಕಟ್ಟಿಗೆ ಸೇರಿಸಿದೆ. ಈ ಮನೆಯಲ್ಲಿ ಅಮ್ಮನ ಹತ್ತಿರ ವಾದ ಮಾಡಿ ಗೆದ್ದವರು ಯಾರೂ ಇಲ್ಲ.

ಇಷ್ಟೇ ಆಗಿದ್ದರೆ ಬರೆಯುತ್ತಿರಲಿಲ್ಲ. ಸಂಜೆ ತಂಗಿ ರಾಧ ಬಂದು ಎದುರಿಗೆ ಕೂತಳು. ಕಾರ್ಡು ಎಂದರೆ ಹಲ್ಲು ಕಿಸಿಯುವವಳು, ಇವತ್ತು ಮುಖ ಗಂಭೀರ ಮಾಡಿಕೊಂಡು "ಅಕ್ಕ, ನಂಗೂ ಒಂದು ನೋಡು" ಎಂದಳು. ಕೇಳಿದ್ದು ಸುಬ್ರಮಣಿಯ ವಿಷಯ. ಕಾಮಸಮುದ್ರದ ಕಡೆಯವನು, ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುತ್ತಾನೆ, ಹೆಂಡತಿ ತೀರಿಕೊಂಡು ಕೆಲವು ವರ್ಷವಾಗಿದೆ. ರಾಧ ಬಂಗಾರಪೇಟೆಯ ದನದ ಔಷಧಿ ಅಂಗಡಿಯಲ್ಲಿ ಬಿಲ್ ಬರೆಯುತ್ತಾಳೆ, ಅಲ್ಲಿಗೆ ಬಂದು ಬಂದು ಪರಿಚಯ. ಹೋದ ವಾರ ಅವನ ತಾಯಿ ಮುನಿನಾರಾಯಣಮ್ಮ ಹೂವು ಹಣ್ಣು ಹಿಡಿದು ಬಂದು, ನಿಮ್ಮ ಹುಡುಗಿಯನ್ನು ನಮಗೆ ಕೊಡಿ ಎಂದು ನೇರವಾಗಿ ಕೇಳಿಹೋಗಿದ್ದಾರೆ. ಶಿವರಾತ್ರಿಯೊಳಗೆ ಒಂದು ಮಾತು ಹೇಳಬೇಕಂತೆ. ಮೂವತ್ತೇಳಕ್ಕೆ ಬಂದ ರಾಧ ತಾನಾಗಿ ಇಷ್ಟಪಟ್ಟ ಸಂಬಂಧ ಇದೇ ಮೊದಲು. ನನಗೂ ಸಂತೋಷವೇ. ಸಂತೋಷವಿಲ್ಲದೆ ಏನು?

ಕಣ್ಣು ಮುಚ್ಚಿ ಎತ್ತಿದಳು. ಟವರ್.

ಅವಳು "ಏನಂತೆ?" ಎಂದಳು. "ಸ್ವಲ್ಪ ಯೋಚ್ನೆ ಮಾಡು ಅಂತಿದೆ" ಎಂದೆ. "ಸರಿ ಬಿಡಕ್ಕ" ಎಂದು ಎದ್ದು ಹೋಗಿ ಅನ್ನಕ್ಕೆ ಇಟ್ಟಳು.

ಈಗ ನನ್ನ ಪ್ರಶ್ನೆ ಇದು. ಆ ಟವರ್ ರಾಧಳದೋ, ಅಮ್ಮಾಜಮ್ಮನಿಂದ ಉಳಿದುಕೊಂಡದ್ದೋ? ಕಲಿಸಿದ ಮೇಡಂ ಹೇಳಿದ್ದರು, ಒಬ್ಬರಿಗೆ ನೋಡಿದ ಮೇಲೆ ಕಟ್ಟನ್ನು ಶುದ್ಧಿ ಮಾಡದೆ ಇನ್ನೊಬ್ಬರಿಗೆ ನೋಡಬಾರದು, ಒಬ್ಬರದು ಇನ್ನೊಬ್ಬರಿಗೆ ಅಂಟಿಕೊಳ್ಳುತ್ತದೆ ಎಂದು. ನಾನು ಸೋಮಾರಿ, ಮಾಡಿರಲಿಲ್ಲ.

ಜನವರಿ 20, ಸೋಮವಾರ

ಬೆಳಗಿನ ರೈಲಿನಲ್ಲಿ ಎಂದಿನಂತೆ ರಾಧ ನನಗಿಂತ ಮುಂಚೆ ಹತ್ತಿ, ಕಿಟಕಿ ಪಕ್ಕದ ಸೀಟಿಗೆ ತನ್ನ ಬ್ಯಾಗು ಎಸೆದು ನನಗೆ ಜಾಗ ಹಿಡಿದಳು. ಮಾರಿಕುಪ್ಪಂನಿಂದ ಬರುವಷ್ಟರಲ್ಲೇ ಅರ್ಧ ತುಂಬಿರುವ ಗಾಡಿ, ಉರಿಗಾಂನಲ್ಲಿ ನುಗ್ಗದಿದ್ದರೆ ಬಂಗಾರಪೇಟೆಯವರೆಗೂ ನಿಂತೇ ಹೋಗಬೇಕು. ನನ್ನ ಮಂಡಿಗೆ ಅದು ಆಗುವುದಿಲ್ಲ. ಕೂತ ತಕ್ಷಣ ಅವಳು ನನ್ನ ಸೂಜಿಗಳನ್ನು ತೆಗೆದುಕೊಂಡು ಬಣ್ಣಬಣ್ಣದ ದಾರ ಪೋಣಿಸಿ ಬಟ್ಟೆ ತುಂಡಿಗೆ ಸಾಲಾಗಿ ಚುಚ್ಚಿಕೊಟ್ಟಳು. ಕನ್ನಡಕ ಹಾಕಿಕೋ ಎಂದು ದಿನಾ ಬೈಯುತ್ತಾಳೆ. ಅವಳಿರುವಾಗ ಕನ್ನಡಕ ಯಾಕೆ?

ಇವತ್ತು ಬೈಯಲಿಲ್ಲ. ಟವರ್ ವಿಷಯವನ್ನೂ ಎತ್ತಲಿಲ್ಲ.

ಮಧ್ಯಾಹ್ನ ಬೆಂಗಳೂರಿನ ಮೇಡಂಗೆ ಕೋರ್ಸಿನ ವಾಟ್ಸಾಪ್ ಗುಂಪಿನಲ್ಲಿ ಕೇಳಿದೆ. ಉದ್ದದ ಧ್ವನಿ ಸಂದೇಶ ಬಂತು. "ಪ್ರತಿ ರೀಡಿಂಗ್ ಆದ್ಮೇಲೂ ಕ್ಲೆನ್ಸಿಂಗ್ ಮಾಡ್ಲೇಬೇಕು ಕಲ್ಪನ ಅವರೇ, ಇಲ್ಲಾಂದ್ರೆ ಹಿಂದಿನವರ ಎನರ್ಜಿ ಅಲ್ಲೇ ಕೂತಿರುತ್ತೆ." ಸರಿ ಎಂದುಕೊಂಡೆ. ಅಷ್ಟರಲ್ಲಿ ಅದೇ ಗುಂಪಿನಲ್ಲಿ ಇನ್ನೊಬ್ಬರು, ಅಷ್ಟೆಲ್ಲ ಬೇಡ, ಹುಣ್ಣಿಮೆಗೊಂದು ಸಲ ಸಾಕು, ಪದೇ ಪದೇ ಮಾಡಿದರೆ ಕಟ್ಟು ಮೂಕವಾಗುತ್ತದೆ ಎಂದರು. ಮತ್ತೊಬ್ಬರು ಕಟ್ಟಿನ ಮೇಲೆ ಬೆರಳ ಗಂಟಿನಿಂದ ಬಾಗಿಲು ಬಡಿದ ಹಾಗೆ ಬಡಿದರೆ ಸಾಕಂತೆ. ನಾನು ಯಾರನ್ನು ನಂಬಲಿ? ಮೂವರೂ ಒಂದೇ ಕೋರ್ಸಿನವರು.

ನಿನ್ನೆ ರಾತ್ರಿ ಮಾತ್ರ ಬಹಳ ದಿನಗಳ ಮೇಲೆ ಒಳ್ಳೆಯ ನಿದ್ದೆ ಬಂತು. ಮುನಿನಾರಾಯಣಮ್ಮ ಬಂದು ಹೋದಾಗಿನಿಂದ ಹೊರಳಾಡುತ್ತಿದ್ದೆ.

ಜನವರಿ 22, ಬುಧವಾರ

ಬಂಗಾರಪೇಟೆಯ ನನ್ನ ಹೊಲಿಗೆ ಅಂಗಡಿಯಲ್ಲಿ ಸಾಂಬ್ರಾಣಿ ಹಾಕಿ ಕಟ್ಟನ್ನು ಹೊಗೆಯ ಮೇಲೆ ಹಿಡಿದೆ. ಪಿಕೋಗೆ ಬಂದಿದ್ದ ಸೀರೆಗಳಿಗೆಲ್ಲ ವಾಸನೆ ಹತ್ತಿ, ಒಬ್ಬರು "ನಮ್ ಸೀರೆ ಯಾವ್ ಪೂಜೆಗೆ ಹೋಗಿತ್ತು?" ಎಂದು ಕೇಳಿದರು.

ಪಕ್ಕದಲ್ಲಿ ಹೂವು ಮಾರುವ ಮೀನಾಗೆ ನೋಡಿದೆ. ಟವರ್. ಅವಳೇನೂ ಹೆದರಲಿಲ್ಲ. "ಅಕ್ಕಾ, ನಮ್ಮನೆ ಛಾವಣಿ ನಿನ್ನೇನೇ ಸೋರ್ತಿತ್ತು, ನಿಮ್ ಕಾರ್ಡು ಒಂದಿನ ಲೇಟು" ಎಂದು ನಕ್ಕಳು. ನಕ್ಕು ಆದ ಮೇಲೆ, "ಹೊಗೆ ಎಲ್ಲಾ ಸುಮ್ಮಾ ಅಕ್ಕಾ. ಕಲ್ಲುಪ್ಪಲ್ಲಿ ಇಡಿ, ಉಪ್ಪು ಎಲ್ಲಾ ಎಳ್ಕೊಳ್ಳತ್ತೆ" ಎಂದಳು. ಹೊಗೆಯೋ ಉಪ್ಪೋ? ಎರಡನ್ನೂ ಮಾಡಿದರೆ ಒಂದನ್ನೊಂದು ಕೆಡಿಸಿಬಿಟ್ಟರೆ?

ಜನವರಿ 24, ಶುಕ್ರವಾರ

ಎರಡು ದಿನ ಉಪ್ಪಿನ ಡಬ್ಬಿಯಲ್ಲಿಟ್ಟು ತೆಗೆದೆ. ಇವತ್ತು ಮೂವರು ಬಂದಿದ್ದರು, ಇಬ್ಬರಿಗೆ ಟವರ್. ಒಬ್ಬಾಕೆ ಹೊಸ ಮಿಕ್ಸಿ ಕೊಳ್ಳಬಹುದಾ ಎಂದು ಕೇಳಿದ್ದು. ಮಿಕ್ಸಿಗೂ ಸಿಡಿಲೇ?

ಟವರ್‌ನ ಮೂಲೆಯಲ್ಲಿ ಹಳದಿ ಕಲೆ ಕಂಡಿತು. ಸಾಂಬ್ರಾಣಿ ಹೊಗೆಯದಿರಬೇಕು.

ಅಮ್ಮಾಜಮ್ಮನದು ಈ ಕಟ್ಟಿಗೆ ಹಿಡಿದುಕೊಂಡಿದೆ, ಇದರಲ್ಲಿ ಅನುಮಾನವಿಲ್ಲ. ಹಾಗಿದ್ದರೆ ರಾಧಳಿಗೆ ಬಂದದ್ದು ರಾಧಳದಲ್ಲ. ಅದನ್ನು ಅವಳಿಗೆ ಹೇಳಿ ಇನ್ನೊಂದು ಸಲ ಎತ್ತಿಸಬೇಕು. ನ್ಯಾಯವಾಗಿ ಎತ್ತಿಸಲೇಬೇಕು. ಯೋಚಿಸುತ್ತ ಯೋಚಿಸುತ್ತ ತಲೆನೋವು ಬಂದು ಅಂಗಡಿ ಬೇಗ ಮುಚ್ಚಿದೆ.

ಜನವರಿ 26, ಭಾನುವಾರ

ಎತ್ತಿಸಿದೆ. ಮೊದಲು ಸಾಂಬ್ರಾಣಿ, ಆಮೇಲೆ ಉಪ್ಪು, ಆಮೇಲೆ ಬೆರಳ ಗಂಟಿನಿಂದ ಬಡಿಯುವುದು, ಯಾವುದನ್ನೂ ಬಿಡಲಿಲ್ಲ. ರಾಧ ಬಚ್ಚಲಿನಿಂದ ಒದ್ದೆ ಕೈಯಲ್ಲೇ ಬಂದಳು, ಒರೆಸಿಕೋ ಎಂದು ಗದರಿದೆ.

"ಅಕ್ಕ, ಕಾರ್ಡು ಹೋಗ್ಲಿ. ನಿಂಗೇನನ್ಸುತ್ತೆ?"

"ನನಗೇನು ಅನ್ಸೋದು? ಎತ್ತು ಮೊದ್ಲು."

ಟವರ್.

ನನ್ನ ಮನಸ್ಸು ಹಗುರಾಯಿತು. ನೋಡು, ನಾನು ಇಷ್ಟೆಲ್ಲ ಮಾಡಿದ ಮೇಲೂ ಅದೇ ಬಂತು ಎಂದರೆ ನನ್ನ ತಪ್ಪೇನೂ ಇಲ್ಲ ಎಂದುಕೊಂಡೆ. ರಾಧ ಕಾರ್ಡನ್ನು ನೋಡಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದಳು. ಪಾಪ, ಹೆದರಿರಬೇಕು.

ಮಧ್ಯಾಹ್ನ ಅವಳು ಮಾಡಿದ ಅವರೆಕಾಳಿನ ಸಾರಿಗೆ ಎರಡು ಮುದ್ದೆ ನುಂಗಿದೆ. ಇಷ್ಟು ಚಿಂತೆಯಲ್ಲಿರುವವಳಿಗೆ ಹಸಿವು ಹೇಗಾಗುತ್ತದೋ ನನಗೇ ತಿಳಿಯದು.

ಜನವರಿ 29, ಬುಧವಾರ, ಅಮಾವಾಸ್ಯೆ

ಅಮ್ಮನಿಗೆ ನನ್ನ ಉಪ್ಪು ಹೊಗೆಗಳನ್ನು ನೋಡಿ ನೋಡಿ ಸಾಕಾಗಿ, ತಾನೇ ಕಟ್ಟಿಗೆ ಒಣಮೆಣಸಿನಕಾಯಿ ಇಳಿ ತೆಗೆದು ಒಲೆಗೆ ಹಾಕಿದಳು. ಮೂವರೂ ಕೆಮ್ಮಿ ಕೆಮ್ಮಿ ಬೀದಿಗೆ ಓಡಿದೆವು. "ನೋಡ್ದಾ, ಎಷ್ಟ್ ದೃಷ್ಟಿ ಇತ್ತು ಅಂತ" ಎಂದಳು ಅಮ್ಮ, ಕಣ್ಣೊರೆಸಿಕೊಳ್ಳುತ್ತ. ಬೀದಿಯಲ್ಲಿ ನಿಂತು ರಾಧ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳು ನಕ್ಕು ಎಷ್ಟು ದಿನವಾಗಿತ್ತು!

ಅವಳು ಹೋಗಿಬಿಟ್ಟರೆ ಈ ಮನೆಯಲ್ಲಿ ಹೀಗೆ ನಗುವವರು ಯಾರು? ಸುಮ್ಮನೆ ಬಂದ ಯೋಚನೆ, ಬರೆದೆ.

ಆಮೇಲೆ ನೋಡಿದರೆ ಮತ್ತೆ ಟವರ್.

ಫೆಬ್ರವರಿ 4, ಮಂಗಳವಾರ

ಇವತ್ತು ಅಂಗಡಿಯಲ್ಲಿ ಸೂಜಿ ಕೆಳಗೆ ಬಿತ್ತು. ಹುಡುಕಲು ನೆಲಕ್ಕೆ ಬಗ್ಗಿ, ಸಿಕ್ಕ ಮೇಲೆ ನಿಧಾನವಾಗಿ ಏಳುವಾಗ ನನ್ನ ಕಣ್ಣು ಸರಿಯಾಗಿ ಮೇಜಿನ ಮಟ್ಟಕ್ಕೆ ಬಂತು. ಎದುರಿಗೆ ಕಟ್ಟು ಇತ್ತು. ಅದರ ನಡುವೆ ಒಂದು ಸಂದು. ಆಚೆ ಕಡೆಯ ಬೀದಿ ಬೆಳಕು ಆ ಸಂದಿನಲ್ಲಿ ಗೆರೆಯ ಹಾಗೆ ಕಾಣುತ್ತಿತ್ತು.

ಸಂದಿಗೆ ಬೆರಳಿಟ್ಟು ಎತ್ತಿದೆ. ಟವರ್. ಕಲೆಸಿ ಮತ್ತೆ ಇಟ್ಟೆ, ಸಂದು ಬೇರೆ ಜಾಗಕ್ಕೆ ಹೋಯಿತು, ಅಲ್ಲೂ ಟವರ್. ಆ ಕಾರ್ಡೊಂದನ್ನೇ ಮೇಜಿನ ಮೇಲಿಟ್ಟು ನೋಡಿದೆ. ಹಪ್ಪಳದ ಹಾಗೆ ಬೆನ್ನು ಬಾಗಿದೆ. ಮೂಲೆಯ ಹಳದಿ ಕಲೆಯನ್ನು ಮೂಸಿದೆ. ಸಾಂಬ್ರಾಣಿಯಲ್ಲ, ಅರಿಶಿನ.

ಅಮ್ಮನ ಚೊಂಬು! ಅಮ್ಮಾಜಮ್ಮ ಹೋದ ಮೇಲೆ ಚಾಪೆಯ ಮೇಲಿದ್ದದ್ದು ಇದೊಂದೇ ಕಾರ್ಡು. ಇದೊಂದೇ ನೆನೆಯಿತು. ಒದ್ದೆಯಲ್ಲೇ ಕಟ್ಟಿಗೆ ಸೇರಿಸಿದೆ, ಬಾಗಿಕೊಂಡಿತು. ಯಾರು ಎಡಗೈ ಹಾಕಿದರೂ ಕಟ್ಟು ಅಲ್ಲೇ ಬಿಟ್ಟುಕೊಳ್ಳುತ್ತದೆ. ಮಿಕ್ಸಿಯವಳಿಗೂ ಅದೇ, ರಾಧಳಿಗೂ ಅದೇ. ಶುದ್ಧಿ ಮಾಡದ್ದರಿಂದ ಆದದ್ದಲ್ಲ, ಶುದ್ಧಿ ಮಾಡಿದ್ದರಿಂದಲೇ ಆದದ್ದು. ಒಬ್ಬಳೇ ಕೂತು ನಕ್ಕೆ. ಮೀನಾ ಪಕ್ಕದಿಂದ ಇಣುಕಿ ನೋಡಿದಳು.

ರಾಧಳಿಗೆ ಇವತ್ತೇ ಹೇಳಬೇಕು.

ಸಂಜೆ: ರೈಲಿನಲ್ಲಿ ಗಲಾಟೆ, ಹೇಳಲಾಗಲಿಲ್ಲ. ಮನೆಯಲ್ಲಿ ಅಮ್ಮ ಇದ್ದಳು. ಅಮ್ಮನ ಮುಂದೆ ಹೇಳಿದರೆ ಅವಳ ಮೇಲೆ ತಪ್ಪು ಹೊರಿಸಿದ ಹಾಗಾಗುತ್ತದೆ. ಜೊತೆಗೆ ಒಂದು ಅನುಮಾನವೂ ಇದೆ. ಕಾರ್ಡು ಬಾಗಿದ್ದಕ್ಕೇ ಬರುತ್ತಿದೆ, ಒಪ್ಪಿದೆ. ಆದರೆ ಎಪ್ಪತ್ತೆಂಟು ಕಾರ್ಡುಗಳಲ್ಲಿ ಇದೇ ಏಕೆ ಬಾಗಬೇಕಿತ್ತು? ಅದೂ ರಾಧ ಕೇಳುವ ದಿನವೇ? ಅದೂ ಒಂದು ಸೂಚನೆ ಇರಬಹುದಲ್ಲವೇ? ಸರಿಯಾಗಿ ಗೊತ್ತಾಗದೆ ಅವಳ ತಲೆ ಕೆಡಿಸಬಾರದು. ನಾಳೆ ಮೇಡಂ ಅವರನ್ನು ಕೇಳಿ ಆಮೇಲೆ ಹೇಳುತ್ತೇನೆ.

ಫೆಬ್ರವರಿ 5, ಬುಧವಾರ

ಮೇಡಂ ಅವರನ್ನು ಕೇಳಲಿಲ್ಲ. ಕೆಲಸ ಜಾಸ್ತಿ ಇತ್ತು.

ಫೆಬ್ರವರಿ 6, ಗುರುವಾರ

ಸಂಜೆ ರೈಲಿನಲ್ಲಿ ರಾಧ ಕಿಟಕಿಯ ಆಚೆ ನೋಡುತ್ತ, "ಇವತ್ತು ಅವ್ರು ಅಂಗಡಿಗೆ ಬಂದಿದ್ರು. ಆಗಲ್ಲ ಅಂತ ಹೇಳ್ಬಿಟ್ಟೆ" ಎಂದಳು.

"ಯಾಕೆ?" ಎಂದೆ. ಎಂಥ ಪ್ರಶ್ನೆ ನನ್ನದು!

"ಇನ್ಯಾಕೆ" ಎಂದಳು. ಅಷ್ಟೇ. ಬ್ಯಾಗಿನಿಂದ ನನ್ನ ಬಟ್ಟೆ ತುಂಡು ತೆಗೆದು ನಾಳೆಯ ಸೂಜಿಗಳಿಗೆ ದಾರ ಪೋಣಿಸಿದಳು. ಗಾಡಿ ಅಲುಗಾಡುತ್ತಿತ್ತು, ಒಂದೇ ಸಲಕ್ಕೆ ಪೋಣಿಸುವವಳು ಇವತ್ತು ದಾರದ ತುದಿಯನ್ನು ಮತ್ತೆ ಮತ್ತೆ ಎಂಜಲು ಮಾಡಿಕೊಳ್ಳುತ್ತಿದ್ದಳು.

ಬಾಯಿ ತೆರೆದೆ. ಕೋರಮಂಡಲ್ ಸ್ಟೇಷನ್ ಬಂತು, ಜನ ಹತ್ತಿದರು, ಬಾಯಿ ಮುಚ್ಚಿದೆ. ಇನ್ನು ಹೇಳಿ ಏನು ಪ್ರಯೋಜನ? ಆದದ್ದಾಯಿತು. ಅವನೂ ಬೇರೆ ಕಡೆ ನೋಡಿಕೊಳ್ಳುತ್ತಾನೆ. ಎಲ್ಲ ಮೊದಲಿನ ಹಾಗೇ ಇರುತ್ತದೆ.

ಮೊದಲಿನ ಹಾಗೆಯೇ ಇರುತ್ತದೆ ಎಂದು ಬರೆದ ಮೇಲೆ ಸಮಾಧಾನವಾಗಬೇಕಿತ್ತು. ಊಟ ಸೇರಲಿಲ್ಲ.

ಫೆಬ್ರವರಿ 8, ಶನಿವಾರ

ಕಾರ್ಡನ್ನು ನೆಟ್ಟಗೆ ಮಾಡಿ, ಒಂದು ಸಲ, ಒಂದೇ ಸಲ ನ್ಯಾಯವಾಗಿ ಎತ್ತಿಸಿಬಿಡೋಣ ಎಂದು ಮನಸ್ಸು ಮಾಡಿದೆ. ಬೇರೆ ಕಾರ್ಡು ಬಂದರೆ ಎಲ್ಲ ಹೇಳುವುದು. ಬಾಗಿದ್ದನ್ನು ನೆಟ್ಟಗೆ ಮಾಡಲು ಹೊಲಿಗೆಯವಳ ಹತ್ತಿರ ಇರುವುದು ಒಂದೇ ದಾರಿ. ಕಾರ್ಡಿನ ಮೇಲೆ ಹತ್ತಿ ಬಟ್ಟೆ ಹಾಕಿ ಇಸ್ತ್ರಿ ಪೆಟ್ಟಿಗೆ ಒತ್ತಿದೆ. ಬಟ್ಟೆ ತೆಗೆದರೆ, ಕಾರ್ಡಿನ ಮೇಲಿನ ಹೊಳಪಿನ ಪದರ ಪೂರಿಯ ಹಾಗೆ ಗುಳ್ಳೆ ಎದ್ದಿದೆ. ಬೀಳುತ್ತಿದ್ದ ಇಬ್ಬರಲ್ಲಿ ಒಬ್ಬ ಬಟ್ಟೆಗೆ ಅಂಟಿಕೊಂಡು ಬಂದ.

ಸರಿಯಾಗಿ ಆ ಹೊತ್ತಿಗೆ ರಾಧ ಊಟದ ಡಬ್ಬಿ ಹಿಡಿದು ಬಂದಳು.

"ಏನಕ್ಕ, ಕಾರ್ಡಿಗೂ ಇಸ್ತ್ರಿ ಶುರು ಮಾಡಿದ್ಯಾ?"

ನಗುತ್ತಿದ್ದಳು. ಆ ನಗುವನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಚೊಂಬು, ಸಂದು, ಅರಿಶಿನ, ಎಲ್ಲ ಒಂದೇ ಉಸಿರಿಗೆ ಹೇಳಿದೆ. ಅವಳು ಕೇಳಿಸಿಕೊಂಡು, "ಯಾವತ್ತು ಗೊತ್ತಾಯ್ತು ನಿಂಗೆ?" ಎಂದಳು.

"ಮಂಗಳವಾರ."

"ನಾನು ಅವ್ರಿಗೆ ಹೇಳಿದ್ದು ಗುರುವಾರ."

"ಹೇಳ್ಬೇಕು ಅಂತಿದ್ದೆ ಕಣೇ, ರೈಲಲ್ಲಿ ಗಲಾಟೆ..."

ಡಬ್ಬಿಯನ್ನು ಮೇಜಿನ ಮೇಲಿಟ್ಟು ಹೋದಳು. ಕೂಗಾಡಿದ್ದರೆ ಚೆನ್ನಾಗಿರುತ್ತಿತ್ತು. ಸಂಜೆ ಅದೇ ರೈಲು, ಆದರೆ ಬೇರೆ ಬೋಗಿಗೆ ಹತ್ತಿದಳು. ನಾನು ಉರಿಗಾಂವರೆಗೂ ನಿಂತು ಬಂದೆ.

ನಾನೇಕೆ ಹೇಳಲಿಲ್ಲ? ಮೇಡಂ ಅವರನ್ನು ಕೇಳಬೇಕಿತ್ತು ಎಂದು ಬರೆದಿದ್ದೇನೆ, ಅಮ್ಮ ಇದ್ದಳು ಎಂದು ಬರೆದಿದ್ದೇನೆ. ಓದಿದರೆ ಇನ್ಯಾರೋ ಬರೆದ ಹಾಗಿದೆ. ನನಗೆ ಅರ್ಥವಾಗುತ್ತಿಲ್ಲ.

ಫೆಬ್ರವರಿ 9, ಭಾನುವಾರ

ಅಮ್ಮನಿಗೆ ಬಂಗಾರಪೇಟೆಗೆ ಹೋಗಿ ಬರುತ್ತೇನೆ ಎಂದು ಸುಳ್ಳು ಹೇಳಿ ಕಾಮಸಮುದ್ರದ ಬಸ್ಸು ಹತ್ತಿದೆ. ಇಳಿದು ಕೇಳಿಕೊಂಡು ಹೋದೆ. ಮುನಿನಾರಾಯಣಮ್ಮ ಅಂಗಳದಲ್ಲಿ ಹಾಲಿನ ಕ್ಯಾನು ತೊಳೆಯುತ್ತಿದ್ದರು. ಸುಬ್ರಮಣಿ ಕೊಟ್ಟಿಗೆಯಲ್ಲಿ ಹೊಸದಾಗಿ ಹುಟ್ಟಿದ ಕರುವಿನ ಮೈ ಒರೆಸುತ್ತಿದ್ದ, ನನ್ನನ್ನು ನೋಡಿ ಎದ್ದು ನಿಂತ. ನೀರು ಕೊಟ್ಟರು. ನಾನು ಕುಡಿಯದೆ ಬ್ಯಾಗಿನಿಂದ ಕಾರ್ಡು ತೆಗೆದು ಅವರ ಕೈಗೆ ಕೊಟ್ಟು ಎಲ್ಲ ಹೇಳಿದೆ. ಅರ್ಧ ಅವರಿಗೆ ಅರ್ಥವಾಗಲಿಲ್ಲ, ಅರ್ಧ ನನಗೇ ಅರ್ಥವಾಗಲಿಲ್ಲ.

ಮುನಿನಾರಾಯಣಮ್ಮ ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು, ಸುಟ್ಟು ಗುಳ್ಳೆ ಎದ್ದಿದ್ದ ಟವರನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಇದು ಅಶುಬಾನಾ?"

"ಹೌದಮ್ಮ. ಕುಸಿತ ಅಂತಾರೆ."

"ಮೂಲೇಗೆ ಅರಿಸ್ನ ಐತಲ್ಲ?"

"ಅದೇ ಹೇಳಿದ್ನಲ್ಲಮ್ಮ, ನಮ್ಮಮ್ಮ ಚಿಮುಕಿಸಿದ್ದು."

"ಅರಿಸ್ನ ಬಿದ್ಮೇಕೆ ಕೆಟ್ಟದ್ದು ಎಂಗಾಯ್ತದಮ್ಮ? ಲಗ್ನಪತ್ರಿಕೆ ಕೊಡೋವಾಗ ನಾಕು ಮೂಲೇಗೂ ನಾವೇ ಅಚ್ಚಿ ಕೊಡಲ್ವಾ? ನಿಮ್ಮವ್ವ ಒಂದ್ ಮೂಲೇಗೆ ಅಚ್ಚವ್ಳೆ, ಇನ್ ಮೂರು ನಾವ್ ಅಚ್ಚಿದ್ರಾಯ್ತು."

ಇದನ್ನು ಯಾವ ಮೇಡಂ ಕೂಡ ಹೇಳಿರಲಿಲ್ಲ. ಆದರೆ ಸುಬ್ರಮಣಿ ನಗಲಿಲ್ಲ. ಕೊಟ್ಟಿಗೆಯ ಕಂಬ ಹಿಡಿದು ನಿಂತು, "ಅಕ್ಕ, ರಾಧಾ ಅವ್ರು ಕಾರ್ಡಿನ್ ಇಸ್ಯ ಏನೂ ಏಳ್ಳಿಲ್ಲ" ಎಂದ.

"ಮತ್ತೆ ಏನಂದ್ಳು?"

"ನಮ್ಮಕ್ಕಂಗೆ ಇಷ್ಟ ಇಲ್ಲ. ಅವ್ಳನ್ನ ಒಬ್ಳನ್ನೇ ಬಿಟ್ಟು ಬರಕ್ಕಾಗಲ್ಲ ಅಂದ್ರು."

"ನಾನು ಇಷ್ಟ ಇಲ್ಲ ಅಂತ ಯಾವತ್ತಪ್ಪ ಅಂದೆ?"

"ಅಂದಿಲ್ವಂತೆ. ಅದನ್ನೂ ಏಳಿದ್ರು."

ಕರು ಅಂಬಾ ಎಂದಿತು. ಅವನು ಅದರ ಕಡೆ ತಿರುಗಿದ, ನನ್ನ ಮುಖ ನೋಡಬಾರದೆಂದೇ ತಿರುಗಿದನೇನೋ. ನನಗೆ ಅಳು ಬಂತು. ಅಪರಿಚಿತರ ಅಂಗಳದಲ್ಲಿ, ಹಾಲಿನ ಕ್ಯಾನುಗಳ ನಡುವೆ ಕೂತು, ಮೂಗು ಸುರಿಸಿಕೊಂಡು ಅತ್ತೆ. ಗಂಡನ ಮನೆ ಬಿಟ್ಟು ಬಂದ ದಿನವೂ ಹೀಗೆ ಅತ್ತಿರಲಿಲ್ಲ. ಅವತ್ತು ಸ್ಟೇಷನ್ನಿಗೆ ಬಂದು ನನ್ನ ಪೆಟ್ಟಿಗೆ ಹೊತ್ತುಕೊಂಡು ಮನೆಗೆ ನಡೆದವಳು ರಾಧ. ಅವಳು ಇಲ್ಲದ ಮನೆಯನ್ನು ನೆನೆದರೆ ನನಗೆ ಭಯವಾಗುತ್ತದೆ. ಇದನ್ನು ಅವರಿಬ್ಬರ ಮುಂದೆ ಹೇಳಿಯೂಬಿಟ್ಟೆ.

"ಭಯ ಇರ್ತೈತಮ್ಮ" ಎಂದರು ಮುನಿನಾರಾಯಣಮ್ಮ. "ಇಷ್ಟ ಐತಾ ಇಲ್ವಾ, ಅದೇಳು."

"ಇದೆ" ಎಂದೆ. "ಇಷ್ಟ ಇದೆ ನನಗೆ."

"ಅದನ್ನ ಅವ್ಳಿಗೆ ಏಳೋಗು ಮತ್ತೆ. ನಮಗ್ಯಾಕೆ ಏಳ್ತೀಯ?"

ಹೊರಡುವಾಗ ಹಿಡಿಕೆಯ ತೂಕುಪಾತ್ರೆಯ ತುಂಬ ಗಿಣ್ಣು ಹಾಲು ಕೊಟ್ಟರು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಹಿಡಿದುಕೊಂಡು ಬಂದೆ. ರಾಧ ಅಡುಗೆ ಮನೆಯಲ್ಲಿದ್ದಳು, ನಿನ್ನೆಯಿಂದ ಮಾತಿಲ್ಲ. ಪಾತ್ರೆಯನ್ನು ಅವಳ ಮುಂದಿಟ್ಟೆ. ಮುಚ್ಚಳ ತೆಗೆದು ನೋಡಿದಳು.

"ಗಿಣ್ಣು ಎಲ್ಲಿಂದ ತಂದೆ?"

"ಕಾಮಸಮುದ್ರದಿಂದ."

"ನೀನು ಹೋಗು ರಾಧ. ಹೋಗ್ಬೇಕು ನೀನು, ನಂಗೆ ಇಷ್ಟ" ಎಂದೆ. ಅವಳು ಒಲೆ ಹಚ್ಚಿ, ಬೆಲ್ಲ ಎಲ್ಲಿದೆ ಎಂದು ನನ್ನನ್ನೇ ಕೇಳಿದಳು. ಬೆಲ್ಲ ಎಲ್ಲಿರುತ್ತದೆ ಎಂದು ಈ ಮನೆಯಲ್ಲಿ ಗೊತ್ತಿರುವುದು ಅವಳೊಬ್ಬಳಿಗೇ.

ಫೆಬ್ರವರಿ 12, ಬುಧವಾರ

ರಾಧ ಫೋನು ಮಾಡಿ ಒಪ್ಪಿಗೆ ಹೇಳಿದಳು. ಅಮ್ಮ ಅಕ್ಕಪಕ್ಕದವರಿಗೆಲ್ಲ ಸುದ್ದಿ ಹಂಚಿ ಬಂದಳು.

ಇವತ್ತು ಹುಣ್ಣಿಮೆ, ಕಟ್ಟನ್ನು ಕಿಟಕಿಯಲ್ಲಿ ಇಡಬೇಕಿತ್ತು. ಮರೆತೇಹೋಯಿತು.

ಫೆಬ್ರವರಿ 20, ಗುರುವಾರ

ಲಗ್ನಪತ್ರಿಕೆ ಬಂತು. ಅಮ್ಮ, ನಾನು, ರಾಧ ಕೂತು ಮೂಲೆಗಳಿಗೆ ಅರಿಶಿನ ಹಚ್ಚಿದೆವು. ಅಮ್ಮಾಜಮ್ಮನ ಮನೆಗೆ ಮೊದಲ ಪತ್ರಿಕೆ ನಾನೇ ಕೊಟ್ಟು ಬಂದೆ. ಬಾಗಿಲು ತೆಗೆದವಳು ಸೊಸೆ! ಅಮ್ಮಾಜಮ್ಮ ನನ್ನ ಮಾತು ಕೇಳದೆ ತಾವೇ ಹೋಗಿ ಕರೆದುಕೊಂಡು ಬಂದಿದ್ದಾರೆ. "ನೀನ್ ಸುಮ್ನಿರು ಅಂದೆ, ನಂಗ್ ಸುಮ್ನಿರಕ್ಕಾಗ್ಲಿಲ್ಲಮ್ಮ" ಎಂದರು. ಅವರಿಗೆ ಬಂದಾಗ ಕಾರ್ಡು ಇನ್ನೂ ಒದ್ದೆಯಾಗಿರಲಿಲ್ಲ, ನೆಟ್ಟಗೇ ಇತ್ತು. ಆದರೂ ಸುಳ್ಳಾಯಿತಲ್ಲ? ಹಾಗಾದರೆ ಇದರ ಅರ್ಥವೇನು? ತಲೆ ಮತ್ತೆ ಕೆಟ್ಟಿತು, ಆದರೆ ಮೊದಲಿನಷ್ಟಲ್ಲ.

ಮಾರ್ಚ್ 10, ಸೋಮವಾರ

ಹೋದ ವಾರ ಮದುವೆಯಾಯಿತು. ಬರೆಯಲು ಕೈ ಬರಲಿಲ್ಲ.

ಅದಾದ ಮೇಲೆ ಇವತ್ತು ಮೊದಲ ಸಲ ಅಂಗಡಿಗೆ ಹೋದೆ. ರಾಧ ಹೋಗುವ ಮುಂಚೆ ಒಂದು ದೊಡ್ಡ ಬಟ್ಟೆ ತುಂಡಿನ ತುಂಬ ಸೂಜಿಗಳಿಗೆ ದಾರ ಪೋಣಿಸಿ ಚುಚ್ಚಿಟ್ಟು ಹೋಗಿದ್ದಾಳೆ. ಜೊತೆಗೆ ಒಂದು ಕನ್ನಡಕ. ಬೇಕಾದ ಬಣ್ಣ ಇದ್ದರೂ ಆ ಸೂಜಿಗಳನ್ನು ಮುಟ್ಟಲು ಮನಸ್ಸು ಬರದೆ, ಕನ್ನಡಕ ಹಾಕಿಕೊಂಡು ನಾನೇ ಒಂದು ಪೋಣಿಸಿದೆ. ಎಷ್ಟು ಸುಲಭವಾಗಿ ಹೋಯಿತು!

ಮೀನಾ ಕಾರ್ಡು ಕೇಳಿದಳು. ಟವರ್ ಈಗ ಕಟ್ಟಿನಲ್ಲಿಲ್ಲ, ಮುನಿನಾರಾಯಣಮ್ಮ ದೇವರ ಪಟದ ಹಿಂದೆ ಸಿಕ್ಕಿಸಿಟ್ಟಿದ್ದಾರೆ, ನಾಲ್ಕು ಮೂಲೆಗೂ ಅರಿಶಿನ ಹಚ್ಚಿ. ಒಂದು ಕಡಿಮೆಯಿರುವ ಕಟ್ಟಿನಲ್ಲಿ ನೋಡಬಹುದೋ ಇಲ್ಲವೋ ಯಾರನ್ನೂ ಕೇಳಿಲ್ಲ. "ಅಕ್ಕಾ, ಶುದ್ಧಿ ಗಿದ್ಧಿ ಎಲ್ಲಾ ಮಾಡಿದ್ದೀರಾ?" ಎಂದಳು. ಇಲ್ಲ ಎಂದೆ. ಪ್ರತಿ ಸಲವೋ, ಹುಣ್ಣಿಮೆಗೊಂದು ಸಲವೋ ನನಗೆ ಇನ್ನೂ ಗೊತ್ತಿಲ್ಲ. ಅವಳಿಗೆ ಯಾವುದೋ ಒಳ್ಳೆಯ ಕಾರ್ಡೇ ಬಂತು. "ನಿಂಗೇನನ್ಸುತ್ತೆ, ಅದನ್ನ ಮೊದ್ಲು ಹೇಳು" ಎಂದೆ. ಒಂದು ಗಂಟೆ ಮಾತಾಡಿದಳು, ಕಾರ್ಡು ಮೇಜಿನ ಮೇಲೆ ಹಾಗೇ ಇತ್ತು.

ಸಂಜೆ ಬಂಗಾರಪೇಟೆಯಲ್ಲಿ ನಾನೇ ಮುಂದೆ ನುಗ್ಗಿ ಹತ್ತಿದೆ. ಕಿಟಕಿ ಸೀಟು ಸಿಕ್ಕಿತು. ಗಾಡಿ ಹೊರಡುವ ಹೊತ್ತಿಗೆ ತಲೆಯ ಮೇಲೆ ಸೊಪ್ಪಿನ ಮೂಟೆ ಹೊತ್ತ ಒಬ್ಬ ಹೆಂಗಸು ಬಂದು ನಿಂತು, ನನ್ನ ಪಕ್ಕಕ್ಕೆ ಕೈ ತೋರಿಸಿ, "ಯಾರಾನ ಬತ್ತಾರೇನಮ್ಮ?" ಎಂದಳು. ನೋಡಿದರೆ ಪಕ್ಕದ ಸೀಟಿನ ಮೇಲೆ ನನ್ನ ಬ್ಯಾಗು. ಯಾವಾಗ ಇಟ್ಟೆನೋ ನನಗೇ ಗೊತ್ತಿಲ್ಲ.

"ಇಲ್ಲಮ್ಮ, ಯಾರೂ ಬರಲ್ಲ. ಕೂತ್ಕೊಳ್ಳಿ" ಎಂದು ಬ್ಯಾಗನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡೆ.